ಕುಂದಗೋಳದ ಮೆಣಸಿನಕಾಯಿ ಬೆಳೆಯೂ ಮಳೆಯ ಮುನ್ಸೂಚನೆಯೂ

ಕುಂದಗೋಳ ತಾಲೂಕಿನ ಎರೆಭೂಮಿಯಲ್ಲಿ ಮಳೆಯನ್ನೇ ನಂಬಿ ಮೆಣಸಿನಕಾಯಿಯನ್ನು ಬೆಳೆಯುವ ಪದ್ಧತಿಯು ಬಹುಕಾಲದಿಂದ ನಡೆದು ಬಂದಿರುವುದು. ಬ್ಯಾಡಗಿ ಜಾತಿಯ ಕಾಯಿಯು ಖಾರದಲ್ಲಿ ಕಡಿಮೆಯಾದರೂ ಗಾಢವಾದ ಕೆಂಪು ಬಣ್ಣಕ್ಕೂ ಸುಕ್ಕುಗಟ್ಟಿದ ಸಿಪ್ಪೆಗೂ ಹೆಸರಾದದ್ದು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಬಣ್ಣವಿದ್ದರೆ ಬೆಲೆ, ಬಣ್ಣ ಕೆಟ್ಟರೆ ಬೆಲೆಯೂ ಕೆಟ್ಟಂತೆಯೇ. ತಿಂಗಳುಗಟ್ಟಲೆ ದುಡಿದ ಫಲವು ಕಣದಲ್ಲಿ ಒಂದು ರಾತ್ರಿಯ ಮಳೆಯಿಂದ ಹಾಳಾಗಬಲ್ಲದು. ಆದಕಾರಣ ಮುನ್ಸೂಚನೆಯನ್ನು ಯಾವಾಗ, ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ರೈತನು ಅರಿತಿರುವುದು ಅವಶ್ಯ.

ನಕ್ಷತ್ರವೂ ಮುನ್ಸೂಚನೆಯೂ

ಮಿರಗ, ಆರಿದ್ರಾ ಮೊದಲಾದ ಮಳೆ ನಕ್ಷತ್ರಗಳ ಲೆಕ್ಕವು ರೈತರಿಗೆ ಬಾಯಿಪಾಠವಾಗಿರುವುದು. ಒಂದೊಂದು ನಕ್ಷತ್ರವು ಸುಮಾರು ೧೩-೧೪ ದಿನಗಳದು. ಇದು ಸೂರ್ಯನ ಗತಿಯನ್ನು ಅನುಸರಿಸಿದ ಪಂಚಾಂಗ. ಯಾವ ಕೆಲಸಕ್ಕೆ ಯಾವ ಕಾಲವೆಂಬುದನ್ನು ಅದು ಚೆನ್ನಾಗಿ ತಿಳಿಸುವುದು. ಆದರೆ ಈ ವರುಷದ ಮಿರಗದಲ್ಲಿ ಮಳೆಯಾಗುವುದೋ ಇಲ್ಲವೋ ಎಂಬುದನ್ನು ಅದು ತಿಳಿಸಲಾರದು. ಆ ಕೊರತೆಯನ್ನು ತುಂಬುವುದೇ ಹವಾಮಾನ ಶಾಸ್ತ್ರದ ಕೆಲಸ.

ಮುನ್ಸೂಚನೆಯ ಮೂರು ವಿಧ

ಮೊದಲನೆಯದು ಇಡೀ ಮುಂಗಾರಿನದು. ೧೮೭೫ರಲ್ಲಿ ಸ್ಥಾಪಿತವಾದ ಭಾರತದ ಹವಾಮಾನ ಇಲಾಖೆಯು ಇದನ್ನು ಏಪ್ರಿಲ್ ತಿಂಗಳಲ್ಲಿ ಹೊರಡಿಸಿ ಮೇ ತಿಂಗಳ ಕೊನೆಗೆ ತಿದ್ದುವುದು. ದೇಶದ ಸರಾಸರಿಯಾದ ೮೭ ಸೆಂಟಿಮೀಟರಿನಲ್ಲಿ ನೂರಕ್ಕೆ ೯೬ರಿಂದ ೧೦೪ರಷ್ಟು ಬಿದ್ದರೆ ಅದು ಸಾಧಾರಣ ಮಳೆ. ಇದು ದೇಶದ ಮಾತೇ ಹೊರತು ಒಂದು ತಾಲೂಕಿನ ಮಾತಲ್ಲ. ೨೦೨೩ರ ಏಪ್ರಿಲಿನಲ್ಲಿ ನೂರಕ್ಕೆ ೯೬ ಎಂದು ಹೇಳಲಾಗಿತ್ತು, ಬಿದ್ದದ್ದು ೯೪. ಮೊತ್ತದಲ್ಲಿ ಅಂತರವು ಅಲ್ಪವೇ. ಆದರೂ ಆ ವರುಷದ ಆಗಸ್ಟ್ ತಿಂಗಳು ೧೯೦೧ರಿಂದೀಚೆಗೆ ದೇಶದಲ್ಲಿ ಅತ್ಯಂತ ಒಣಗಿದ ಆಗಸ್ಟ್ ಆಯಿತು. ಕರ್ನಾಟಕದಲ್ಲಿ ೨೨೩ ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ಮಳೆಯ ಮೊತ್ತಕ್ಕಿಂತ ಅದು ಬೀಳುವ ಹೊತ್ತು ಮುಖ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯದು ಗುರುವಾರಗಳಂದು ಹೊರಡುವ, ಮುಂದಿನ ಕೆಲವು ವಾರಗಳ ಸೂಚನೆ. ಮೂರನೆಯದು ಐದು ದಿನಗಳದು. ಇದನ್ನು ಆಧರಿಸಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ತಜ್ಞರು ಮಂಗಳವಾರ ಮತ್ತು ಶುಕ್ರವಾರ ಬೆಳೆಗೆ ತಕ್ಕ ಸಲಹೆಯನ್ನು ಕೊಡುವರು. ೨೦೧೯ರಲ್ಲಿ ಬಂದ ‘ಮೇಘದೂತ’ವೆಂಬ ಮೊಬೈಲ್ ಸಾಧನದಲ್ಲಿಯೂ ಇದನ್ನು ಓದಬಹುದು. ಕಾಲವು ಹತ್ತಿರವಾದಷ್ಟೂ ಸೂಚನೆಯು ಹೆಚ್ಚು ನಂಬತಕ್ಕದ್ದಾಗುವುದು.

ಹೊಲದಲ್ಲಿ ಉಪಯೋಗ

ಮೊದಲ ಹನಿಗೇ ಬಿತ್ತುವುದು ಅವಸರದ ಕೆಲಸ. ಎರೆಮಣ್ಣು ಒಳಗಿನವರೆಗೆ ನೆನೆದು ಹದವಾಗಿರಬೇಕು; ಮುಂದಿನ ಐದು ದಿನಗಳಲ್ಲಿ ಮಳೆಯ ಸೂಚನೆಯೂ ಇರಬೇಕು. ಅಗಿ ಹಚ್ಚುವವರಿಗೂ ಇದೇ ನಿಯಮ. ಮೆಣಸಿನೊಡನೆ ಉಳ್ಳಾಗಡ್ಡಿ ಮತ್ತು ಹತ್ತಿಯನ್ನು ಬೆಳೆಯುವ ಇಲ್ಲಿನ ಹಳೆಯ ಪದ್ಧತಿಯನ್ನು ಬಿಡಲಾಗದು. ಒಂದು ಕೈಕೊಟ್ಟರೆ ಮತ್ತೊಂದು ಕೈಹಿಡಿಯುವುದು.

ಒಣಹವೆ ಮುಂದುವರಿಯುವುದೆಂದು ತಿಳಿದುಬಂದರೆ ಎಡೆಕುಂಟೆ ಹೊಡೆದು ಬಿರುಕುಗಳನ್ನು ಮುಚ್ಚಬೇಕು. ಇದರಿಂದ ತೇವವು ಉಳಿಯುವುದು. ಅಂಥ ಹವೆಯಲ್ಲಿ ಎಲೆ ಮುರುಟಿಸುವ ಥ್ರಿಪ್ಸ್ ನುಸಿಯು ಹೆಚ್ಚುವುದರಿಂದ ಎಲೆಯ ಅಡಿಯನ್ನು ಆಗಾಗ ನೋಡತಕ್ಕದ್ದು. ಜೋರು ಮಳೆಯ ಸೂಚನೆಯಿದ್ದಾಗ ಮೇಲುಗೊಬ್ಬರವನ್ನೂ ಔಷಧದ ಸಿಂಪರಣೆಯನ್ನೂ ನಿಲ್ಲಿಸಿ, ನೀರು ನಿಲ್ಲದಂತೆ ಬಸಿಗಾಲುವೆಯನ್ನು ತೆರೆದಿಡಬೇಕು.

ಕಣದ ಲೆಕ್ಕ

ಮುನ್ಸೂಚನೆಯು ವಾಗ್ದಾನವಲ್ಲ. ಸುಳ್ಳಾಯಿತೆಂದು ಅದನ್ನು ತಳ್ಳಿಹಾಕುವವನು ನಷ್ಟವನ್ನೇ ಹೊಂದುವನು. ಹತ್ತು ಸಲ ಎಚ್ಚರಿಕೆ ಬಂದು ಮೂರು ಸಲ ಮಾತ್ರ ಮಳೆಯಾಯಿತೆಂದು ಉದಾಹರಣೆಗಾಗಿ ಹಿಡಿಯಬಹುದು. ಕಾಯಿಯನ್ನು ಗುಡ್ಡೆಮಾಡಿ ತಾಡಪತ್ರಿ ಹೊದಿಸಲು ಪ್ರತಿ ಸಲ ೩೦೦ ರೂಪಾಯಿ ಕೂಲಿಯಾದರೆ ಹತ್ತು ಸಲಕ್ಕೆ ೩,೦೦೦. ಹೊದಿಸದೆ ಬಿಟ್ಟು, ತೋಯ್ದಾಗಲೆಲ್ಲ ೫,೦೦೦ ರೂಪಾಯಿಯ ಮಾಲು ಕೆಟ್ಟರೆ ಮೂರು ಸಲಕ್ಕೆ ೧೫,೦೦೦. ಏಳು ಸಲ ವೃಥಾ ಹೊದಿಸಿದವನೇ ಜಾಣ! ಬಿತ್ತಿಗೆಯಲ್ಲಿ ಲೆಕ್ಕವು ತಿರುಗುವುದು: ಹತ್ತರಲ್ಲಿ ಮೂರರ ಭರವಸೆಯ ಮೇಲೆ ಬೀಜವನ್ನು ಮಣ್ಣಿಗೆ ಹಾಕುವುದಕ್ಕಿಂತ ನಾಲ್ಕು ದಿನ ಕಾಯುವುದು ಲೇಸು.

ದಿನಚರಿಯ ಮಹತ್ವ

ಫ್ರಾನ್ಸ್ ದೇಶದ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲಿನ ದಿನಗಳ ಲೆಕ್ಕವು ೧೩೫೪ರಿಂದ ದೊರೆಯುವುದು. ೧೯೮೮ರಿಂದೀಚೆಗೆ ಕೊಯ್ಲು ಹಿಂದಿನ ಸರಾಸರಿಗಿಂತ ಸುಮಾರು ೧೩ ದಿನ ಮುಂಚೆ ಬರುತ್ತಿರುವುದು ಅದರಿಂದಲೇ ತಿಳಿದುಬಂದಿತು. ಕುಂದಗೋಳದ ರೈತನೂ ಒಂದು ವಹಿಯಲ್ಲಿ ಮುನ್ಸೂಚನೆ, ಬಿದ್ದ ಮಳೆ, ಬಿತ್ತಿದ ದಿನ, ಬಿಡಿಸಿದ ದಿನ ಇವುಗಳನ್ನು ಬರೆದಿಡಲಿ. ದಿನಕ್ಕೆ ೨.೫ ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದು ಮಳೆಯ ದಿನವೆಂದು ಎಣಿಕೆ. ಕೆಲವು ವರುಷಗಳಲ್ಲಿ, ಯಾವ ಸೂಚನೆಯು ತನ್ನ ಹೊಲಕ್ಕೆ ಎಷ್ಟು ನಿಜವೆಂಬುದು ಅವನಿಗೇ ಮನದಟ್ಟಾಗುವುದು. ಮಳೆಯು ಮನುಷ್ಯನ ಕೈಯಲ್ಲಿಲ್ಲ. ಅದಕ್ಕೆ ಮುಂಚಿತವಾಗಿ ಸಿದ್ಧನಾಗುವುದು ಮಾತ್ರ ಅವನ ಕೈಯಲ್ಲಿರುವುದು.