ಹುಂಜದ ಕಾಲಿನ ಮುಳ್ಳು

ಬೀದರಿನ ಓಣಿಗಳಲ್ಲಾಗಲಿ, ಭಾಲ್ಕಿ, ಔರಾದಿನ ಹಳ್ಳಿಗಳಲ್ಲಾಗಲಿ ಫಜ್ರ್‌ನ ಅಝಾನ್‌ಗೂ ಮುಂಚೆ ಕೇಳಿಬರುವ ದನಿ ಹುಂಜದ್ದು. ಅದು ನಮಾಝಿಗೆ ಎಬ್ಬಿಸುವ ಜೀವಿ, ಅದನ್ನು ಬೈಯಬಾರದೆಂದು ಪ್ರವಾದಿವರ್ಯರು(ಸ) ತಿಳಿಸಿರುವುದಾಗಿ ಝೈದ್ ಬಿನ್ ಖಾಲಿದ್(ರ)ರ ವರದಿ ಅಬೂದಾವೂದ್‌ನಲ್ಲಿದೆ. ಅದರ ಕೂಗು ಕೇಳಿದಾಗ ಅಲ್ಲಾಹನ ಅನುಗ್ರಹವನ್ನು ಬೇಡಬೇಕೆಂಬ ಹದೀಸ್ ಬುಖಾರಿ, ಮುಸ್ಲಿಮ್‌ಗಳೆರಡರಲ್ಲೂ ಇದೆ. ಇವು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಆದರೆ ನಿಮ್ಮ ಮನೆಯ ಹುಂಜದ ಕಾಲನ್ನು ಕೈಯಲ್ಲಿ ಹಿಡಿದು ನೀವು ಕೊನೆಯ ಸಲ ನೋಡಿದ್ದು ಯಾವಾಗ?

ಭಾಲ್ಕಿಯ ನಮ್ಮ ಬಂಧುಗಳ ಮನೆಯಲ್ಲಿ ಐದು ವರ್ಷದ ಹುಂಜವೊಂದಿತ್ತು. ಕಾಲು ಅಗಲಿಸಿ ನಡೆಯುತ್ತಿತ್ತು. ಮುದಿಯಾಯಿತೆಂದು ಎಲ್ಲರೂ ತಿಳಿದಿದ್ದರು. ಹೇಂಟೆಗಳ ಬೆನ್ನಿನ ಗರಿ ಉದುರಿ ಗೀರುಗಳಾಗಿದ್ದವು. ಒಂದು ದಿನ ಮನೆಯ ಮಗುವಿನ ಮೊಣಕಾಲಿಗೂ ಅದು ಚುಚ್ಚಿತು. ಶುಕ್ರವಾರ ಕೊಯ್ದು ಬಿಡೋಣವೆಂದು ನಿರ್ಧಾರವಾಯಿತು. ನಾನು ಎತ್ತಿ ನೋಡಿದಾಗ ಎಡಗಾಲಿನ ಮುಳ್ಳು ಕೊಕ್ಕೆಯಂತೆ ಬಾಗಿ ಬೆಳೆದು, ಅದರ ತುದಿ ಅದೇ ಕಾಲಿನ ಚರ್ಮದೊಳಗೆ ಇಳಿದಿತ್ತು. ಸುತ್ತಲೂ ಕೀವು. ಎಷ್ಟು ತಿಂಗಳಿಂದ ಹಾಗಿತ್ತೋ ಅಲ್ಲಾಹನೇ ಬಲ್ಲ.

ಹುಂಜವನ್ನು ಕೊಯ್ದು ತಿನ್ನುವುದು ಹಲಾಲ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಯ್ಯುವಾಗಲೂ ಕತ್ತಿಯನ್ನು ಹರಿತಗೊಳಿಸಿ ಪ್ರಾಣಿಯ ನೋವನ್ನು ಕಡಿಮೆ ಮಾಡಬೇಕೆಂಬ ಆದೇಶವನ್ನು ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ್ದಾರೆ (ಮುಸ್ಲಿಮ್). ಕೊನೆಯ ಒಂದು ನಿಮಿಷದ ನೋವಿಗೇ ಇಷ್ಟು ಎಚ್ಚರವಿದ್ದರೆ, ಅದಕ್ಕೂ ಹಿಂದಿನ ವರ್ಷಗಳ ನೋವಿನ ಮಾತೇನು? ಬೆಕ್ಕಿನ ವಿಷಯದಲ್ಲಿ ಶಿಕ್ಷೆಗೊಳಗಾದ ಆ ಸ್ತ್ರೀಯ ಹದೀಸ್ ನಿಮಗೆ ಗೊತ್ತು. ಆಕೆ ಬೆಕ್ಕನ್ನು ಹೊಡೆದಳೆಂದು ಅಲ್ಲಿಲ್ಲ. ಕಟ್ಟಿಹಾಕಿದಳು, ಅನ್ನ ಕೊಡಲಿಲ್ಲ, ಹೊರಗೆ ಹೋಗಿ ತಿನ್ನಲೂ ಬಿಡಲಿಲ್ಲ. ನೋಡದೇ ಇದ್ದುದು ಕೂಡ ತಪ್ಪಿನ ಪಟ್ಟಿಗೆ ಸೇರುತ್ತದೆಂದು ಭಾಲ್ಕಿಯ ಆ ಅಂಗಳದಲ್ಲಿ ನನಗನಿಸಿತು.

ಈಗ ಕಾಲಿನ ವಿಷಯಕ್ಕೆ ಬರೋಣ. ಬೀದರ್ ನಗರದ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಕೆದರುವ ಕೋಳಿಯ ಉಗುರು ತಾನಾಗಿ ಸವೆಯುತ್ತದೆ. ಮುಳ್ಳು ಹಾಗಲ್ಲ. ಅದು ನೆಲಕ್ಕೆ ತಾಗುವುದೇ ಇಲ್ಲ. ಜೀವವಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಹೊರಗಿನದು ನಮ್ಮ ಉಗುರಿನಂತಹ ಗಟ್ಟಿ ಕವಚ, ಒಳಗಿನದು ಕಾಲಿನ ಎಲುಬಿಗೆ ಸೇರಿದ ಮೂಳೆ. ಆ ಮೂಳೆಯಲ್ಲಿ ರಕ್ತವೂ ಇದೆ, ನೋವೂ ಇದೆ.

ಇದು ತಿಳಿಯದೆ ನಾನೇ ಹಿಂದೊಮ್ಮೆ ಪಕ್ಕದವರ ಮಾತು ಕೇಳಿ ಇಕ್ಕಳದಿಂದ ಮುಳ್ಳನ್ನು ತಿರುಚಿದ್ದೆ. ಕವಚ ಕಳಚಿ ಬಂತು, ರಕ್ತ ಸೋರಿತು. ಆ ಹುಂಜ ನಾಲ್ಕು ದಿನ ಕೂಗಲಿಲ್ಲ. ಬಿಸಿ ಆಲೂಗಡ್ಡೆಯನ್ನು ಮುಳ್ಳಿಗೆ ಚುಚ್ಚಿ, ಮೆತ್ತಗಾದ ಮೇಲೆ ಕವಚ ಕೀಳುವವರೂ ಇದ್ದಾರೆ. ಅದರಿಂದ ಕಾಲಿನ ಚರ್ಮ ಸುಡಬಹುದು, ಒಳಗಿನ ಹಸಿ ಮೂಳೆ ಬಯಲಾಗುತ್ತದೆ. ಎರಡನ್ನೂ ಮಾಡಬೇಡಿರಿ.

ಮಗ್ರಿಬ್ ಆದ ಮೇಲೆ ಕೋಳಿ ಕೂತಲ್ಲೇ ಮಂಕಾಗಿರುತ್ತದೆ. ಆಗ ಎತ್ತಿಕೊಂಡು ರೆಕ್ಕೆ ಸೇರುವಂತೆ ಹಳೆಯ ಟವಲಿನಲ್ಲಿ ಸುತ್ತಿರಿ. ಎದೆಯನ್ನು ಮಾತ್ರ ಬಿಗಿಯಬಾರದು. ಹಕ್ಕಿಗಳಿಗೆ ನಮ್ಮಂತೆ ವಪೆ ಇಲ್ಲ, ಎದೆಯೆಲುಬು ಆಡಿದರೆ ಮಾತ್ರ ಉಸಿರು. ಗಟ್ಟಿಯಾಗಿ ಹಿಡಿದೇ ಕೋಳಿ ಸಾಯಬಹುದು. ಔರಾದಿನ ಎರೆಮಣ್ಣಿನವರು ಮಳೆಗಾಲದಲ್ಲಿ ಮೊದಲು ಕಾಲು ತೊಳೆಯಿರಿ, ಬೆರಳಿಗೆ ಮೆತ್ತಿದ ಮಣ್ಣಿನಡಿ ಗಾಯ ಅಡಗಿರುತ್ತದೆ. ಬಳಿಕ ಉಗುರು ಉಜ್ಜುವ ಅರದಿಂದ ಮುಳ್ಳಿನ ಚೂಪಾದ ತುದಿಯನ್ನಷ್ಟೇ ಮೆಲ್ಲಗೆ ಮೊಂಡು ಮಾಡಿರಿ. ಒಂದೇ ದಿನ ಎಲ್ಲ ಮುಗಿಸುವ ಆತುರ ಬೇಡ. ಉಜ್ಜುವಾಗ ನಡುವೆ ಬಣ್ಣ ಬದಲಾಗಿ ಹಸಿಯಾಗಿ ಕಂಡರೆ ಅಲ್ಲಿಗೇ ನಿಲ್ಲಿಸಿರಿ. ರಕ್ತ ಬಂದರೆ ಮೆಕ್ಕೆಜೋಳದ ಹಿಟ್ಟನ್ನು ಒತ್ತಿ, ಶುದ್ಧ ಬಟ್ಟೆಯಿಂದ ಕೆಲವು ನಿಮಿಷ ಹಿಡಿದಿರಿ, ನಿಲ್ಲುವವರೆಗೆ ಬೇರೆ ಕೋಳಿಗಳ ಬಳಿ ಬಿಡಬೇಡಿರಿ, ಅವು ಕುಕ್ಕುತ್ತವೆ. ತಿಂಗಳಿಗೊಮ್ಮೆ ನೋಡಿದರೆ ಕೆಲಸ ಐದು ನಿಮಿಷದ್ದು.

ತುದಿಯನ್ನು ಚೂಪು ಮಾಡುವವರೂ ಇದ್ದಾರೆ, ಕಾದಾಟಕ್ಕಾಗಿ. ಪ್ರಾಣಿಗಳನ್ನು ಪರಸ್ಪರ ಕೆರಳಿಸಿ ಕಾದಾಡಿಸುವುದು ನಮ್ಮ ದೀನ್‌ನಲ್ಲಿ ಸಲ್ಲದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಅಪರಾಧ. ಅಷ್ಟು ಸಾಕು.

ಮುಳ್ಳು ಚರ್ಮದೊಳಗೆ ಇಳಿದಿದ್ದರೆ, ಪಾದ ಊದಿದ್ದರೆ ಮನೆಯಲ್ಲಿ ಕೈ ಹಾಕಬೇಡಿರಿ. ಭಾಲ್ಕಿ, ಔರಾದಿನಲ್ಲಿ ಸರಕಾರಿ ಪಶು ಆಸ್ಪತ್ರೆಗಳಿವೆ. ಬೀದರಿನ ನಂದಿನಗರದಲ್ಲಂತೂ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ದೇವಣಿ ಎತ್ತನ್ನು ಒಯ್ಯುವ ನಾವು ಹುಂಜವನ್ನು ಒಯ್ಯಲು ನಾಚುತ್ತೇವೆ. ಮಗುವಿಗೆ ಮುಳ್ಳು ಚುಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿರಿ, ಧನುರ್ವಾಯು ಚುಚ್ಚುಮದ್ದಿನ ವಿಷಯ ಕೇಳಿರಿ. ಪುಟ್ಟ ಮಕ್ಕಳು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಾಗ ಕಣ್ಣು ಹುಂಜದ ಎತ್ತರಕ್ಕೇ ಇರುತ್ತದೆಂಬುದನ್ನು ಮರೆಯಬೇಡಿರಿ.

ಭಾಲ್ಕಿಯ ಹುಂಜವನ್ನು ಚೀಲದಲ್ಲಿಟ್ಟು ಆಸ್ಪತ್ರೆಗೆ ಒಯ್ದೆವು. ವೈದ್ಯರು ಮುಳ್ಳನ್ನು ಕತ್ತರಿಸಿ ಗಾಯ ತೊಳೆದರು. ಮೂರು ವಾರದಲ್ಲಿ ಗಾಯ ಒಣಗಿತು, ಕಾಲು ಕೂಡಿಸಿ ನಡೆಯತೊಡಗಿತು. ಮುದಿಯಾಗಿರಲಿಲ್ಲ. ಕೊಯ್ಯುವ ದಿನವನ್ನು ಮನೆಯವರು ಮುಂದೂಡಿದ್ದಾರೆ. ಅರ ಮಾತ್ರ ಈಗ ಅಡುಗೆಮನೆಯ ಕಿಟಕಿಯಲ್ಲಿದೆ.