ಕುಲುಮೆಗೆ ಎಷ್ಟು ಕಬ್ಬಿಣ?

ಮಗಾ, ಬೆಳಿಗ್ಗೆ ಮಾಚೇನಹಳ್ಳಿಯಲ್ಲಿ ಶಿಫ್ಟು, ಸಂಜೆ ಶಿವಮೊಗ್ಗದಲ್ಲಿ ಕೆ.ಎ.ಎಸ್. ಕೋಚಿಂಗು, ರಾತ್ರಿ ಮೊಬೈಲಿನಲ್ಲಿ ಷೇರುಪೇಟೆ, ಭಾನುವಾರ ಮದುವೆ ಮನೆಗಳ ಫೋಟೊ. ಮಲವಗೊಪ್ಪದ ಮನೆಗೆ ನೀನು ಬರುವುದು ಮಲಗೋಕೆ ಮಾತ್ರ. ಕೇಳಿದರೆ ‘ಐರನ್ಸ್ ಇನ್ ದ ಫೈರ್’ ಇರಬೇಕು ತಾತ, ಯಾವುದಾದರೂ ಒಂದು ಕೈಹಿಡಿಯುತ್ತೆ ಅಂತೀಯ. ಇಂಗ್ಲಿಷಿನವರು ಆ ಮಾತನ್ನು ಎರಡು ಥರ ಆಡುತ್ತಾರೆ. ಬರೀ ಅಷ್ಟೇ ಅಂದರೆ ಕೈಯಲ್ಲಿ ನಾಲ್ಕಾರು ಕೆಲಸಗಳಿವೆ ಅಂತ. ಮುಂದೆ ‘ಟೂ ಮೆನಿ’ ಸೇರಿತೋ, ಅದು ಎಚ್ಚರಿಕೆ. ಆ ಎರಡು ಪದವನ್ನು ನೀನು ಸಲೀಸಾಗಿ ನುಂಗಿದ್ದೀಯ.

ಕಮ್ಮಾರ ಒಂದು ಕುಡುಗೋಲನ್ನು ಅಡಿಗಲ್ಲಿನ ಮೇಲೆ ಬಡಿಯುವಾಗ ಇನ್ನೊಂದು ಇದ್ದಿಲಿನಲ್ಲಿ ಕಾಯುತ್ತಿರುತ್ತದೆ. ಅದು ಕಸುಬುದಾರಿಕೆ. ಮೂರನೆಯದು, ನಾಲ್ಕನೆಯದು ತುರುಕಿದರೆ ತಾನೇ ಫಜೀತಿ. ಕೆಂಪಗಿದ್ದದ್ದು ಹಳದಿಯಾಗಿ, ಬೆಳ್ಳಗಾಗಿ, ಚಟಪಟ ಕಿಡಿ ಹಾರತೊಡಗಿದರೆ ಲೋಹವೇ ಉರಿಯುತ್ತಿದೆ ಅಂತ ಲೆಕ್ಕ. ಆಮೇಲೆ ಸುತ್ತಿಗೆ ಏಟಿಗೆ ಬಾಗೋದಿಲ್ಲ, ಉದುರುತ್ತದೆ. ಆರಿದ್ದನ್ನು ಮತ್ತೆ ಕಾಯಿಸಬಹುದು. ಸುಟ್ಟದ್ದನ್ನು ಗುಜರಿಗೆ ಹಾಕಬೇಕು.

ಹಾಗಂತ ಒಂದಕ್ಕೇ ಜೋತುಬೀಳು ಅನ್ನುತ್ತಿಲ್ಲ. ಬಿ.ಎಚ್. ರಸ್ತೆಯಲ್ಲಿ ಬಸ್ಸು ಹತ್ತಿದರೆ ಸಿಗುವ ಭದ್ರಾವತಿ ಕಾರ್ಖಾನೆಯನ್ನೇ ನೋಡು. 1923ರಲ್ಲಿ ಅಲ್ಲಿ ಬೀಡುಕಬ್ಬಿಣ ಇಳಿದದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಸೌದೆ ಸುಟ್ಟ ಇದ್ದಿಲಿನಿಂದ. ಸೌದೆ ಇದ್ದಿಲಾಗುವಾಗ ಏಳುವ ಹೊಗೆಯನ್ನೂ ಬಿಡದೆ ತಣಿಸಿ, ಮರದ ಸ್ಪಿರಿಟ್ಟು, ಟಾರು ತೆಗೆದರು. ಸರಕು ಹಲವು, ಸೌದೆ ಒಂದೇ. ಉಕ್ಕು, ಸಿಮೆಂಟು ಬಂದದ್ದು ಮೂವತ್ತರ ದಶಕಕ್ಕೆ, ಕಬ್ಬಿಣದ ಕೆಲಸ ಕೈಗೆ ಹತ್ತಿದ ಮೇಲೆ. ವಿಶ್ವೇಶ್ವರಯ್ಯನವರಂಥವರು ಕೂತು ನಡೆಸಿದ ಜಾಗದಲ್ಲೂ ಎಲ್ಲ ಒಂದೇ ಸಲಕ್ಕೆ ಆಗಲಿಲ್ಲಪ್ಪ.

ನೀನಿರುವುದು ಸಿ.ಎನ್.ಸಿ. ಮಷಿನ್ ಮುಂದೆ. ರಾತ್ರಿ ಕೂತು ಡಿಸೈನ್ ಕಲಿತರೆ ಹಗಲಿನ ಕೆಲಸ ಅದಕ್ಕೆ ಒದಗುತ್ತದೆ, ಅದು ಇದಕ್ಕೆ. ಇಲ್ಲ, ಕೆ.ಎ.ಎಸ್.ಸೇ ಬೇಕು ಅಂದರೆ ತಿದಿ ಪೂರ್ತಿ ಅದಕ್ಕೇ ಒತ್ತು, ಶಿಫ್ಟು ಹೊಟ್ಟೆಪಾಡಿಗಿರಲಿ. ಎರಡರಲ್ಲಿ ಯಾವುದು ಅಂತ ಯುಗಾದಿಯೊಳಗೆ ಹೇಳು. ಷೇರಿನ ಆಪನ್ನಂತೂ ಇವತ್ತೇ ಕಿತ್ತುಹಾಕು. ದುಡ್ಡು ಹೋಗುತ್ತೆ ಅಂತಲ್ಲ; ಮಷಿನ್ ತಿರುಗುವಾಗಲೂ ನಿನ್ನ ಕಣ್ಣು ಜೇಬಿನ ಕಡೆಗೇ ಇರುತ್ತದೆ, ಬೆರಳು ಹೋದೀತು.

ಫೋಟೊ ಮಾತ್ರ ಬಿಡಬೇಡ. ಅದರಿಂದ ನಿನಗೆ ದಣಿವಾದದ್ದನ್ನು ನಾನು ಕಂಡಿಲ್ಲ. ಆದರೆ ಊರವರ ಮದುವೆಯೆಲ್ಲ ತೆಗೆದೆ, ನಿಮ್ಮಜ್ಜಿದೊಂದು ನೆಟ್ಟಗಿನ ಫೋಟೊ ಇನ್ನೂ ಬಾಕಿ ಇದೆ.