ತೊದಲುವ ನಾಲಿಗೆಯೂ ಕರ್ತನಿಗೆ ಬೇಕು

ವಿಮೋಚನಕಾಂಡ 4ನೇ ಅಧ್ಯಾಯ, 10ರಿಂದ 16ನೇ ವಚನ ತೆಗೆಯಿರಿ.

ಹಾಸನದ ಒಂದು ಮನೆಕೂಟದಲ್ಲಿ ನಾನು ಮೊದಲ ಸಲ ಸಾಕ್ಷಿ ಹೇಳೋಕೆ ಎದ್ದು ನಿಂತೆ. ನಾಲಿಗೆ ತೊದಲಿತು. ಯಾರೋ ನಕ್ಕರು. ಕೂತುಬಿಟ್ಟೆ. "ಕರ್ತನೇ, ಬೇರೆ ಯಾರನ್ನಾದ್ರೂ ನೋಡ್ಕೋ" ಅಂದೆ. ಮೋಶೆ ಕೇಳಿಕೊಂಡಿದ್ದೂ ಇದನ್ನೇ ಅಲ್ವಾ?

ದೇವರು ಮಾಡಿದ್ದನ್ನು ಗಮನಿಸಿ. ಮೋಶೆಯ ನಾಲಿಗೆ ಅಲ್ಲೇ ಸರಿಹೋಯಿತೆಂದು ವಾಕ್ಯ ಹೇಳುವುದಿಲ್ಲ. ಜೊತೆಗಿರುವೆನೆಂದು ದೇವರು ಭರವಸೆ ಕೊಟ್ಟನು. ಅಣ್ಣ ಆರೋನನನ್ನೂ ಕೊಟ್ಟನು. ನನಗೆ ಸಿಕ್ಕ ಆರೋನ ಒಬ್ಬ ಹಿರಿಯ ಸಹೋದರಿ. ಪ್ರತಿ ವಾರ ಪಕ್ಕದಲ್ಲೇ ಕೂತು, ನಾನು ತಡವರಿಸಿದಾಗ ಸುಮ್ಮನೆ ಕಾಯುತ್ತಿದ್ದರು. ಆಮೇಲೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಬಸ್ಸು ಹತ್ತಿ ಸಾಕ್ಷಿ ಹೇಳಿದೆ. ಈಗಲೂ ತೊದಲುತ್ತೇನೆ. ಆದರೂ ಕರ್ತನು ಬಳಸುತ್ತಾನೆ. ಹಲ್ಲೆಲೂಯ!

ಚನ್ನರಾಯಪಟ್ಟಣದವರಿಗೆ ಬಾಗೂರು-ನವಿಲೆ ಸುರಂಗ ಗೊತ್ತು. ಗೊರೂರು ಅಣೆಕಟ್ಟಿನಿಂದ ಕಾಲುವೆಯಲ್ಲಿ ಬಂದ ಹೇಮಾವತಿ ನೀರು ಅಲ್ಲಿ ಕಿಲೋಮೀಟರ್‌ಗಟ್ಟಲೆ ಕತ್ತಲಲ್ಲೇ ಹರಿದು ತುಮಕೂರಿನ ಕಡೆ ಹೋಗುತ್ತದೆ. ನೀರಿಗೆ ದಾರಿ ಕಾಣದು, ಕೊರೆದವರಿಗೆ ಗೊತ್ತಿತ್ತು. ಕುರುಡರನ್ನು ಅವರು ಅರಿಯದ ದಾರಿಯಲ್ಲಿ ನಡೆಸುವ ವಾಗ್ದಾನ ಯೆಶಾಯ 42:16ರಲ್ಲಿದೆ.

ಕೆಲಸ, ಮದುವೆ, ಸೇವೆ, ಮುಂದೇನು ಅಂತ ಕಾಣ್ತಿಲ್ಲ ಎಂದು ಪಿಜಿ ರೂಮಿನಲ್ಲಿ ನಿದ್ದೆಗೆಟ್ಟಿರುವ ತಮ್ಮಾ, ತಂಗೀ, ಈ ವಾರ ಒಂದೇ ಹೆಜ್ಜೆ ಇಡಿ. ಎಲ್ಲಾ ಸರಿಹೋದ ಮೇಲಲ್ಲ, ಈಗಲೇ. ಪಕ್ಕದಲ್ಲಿ ಯಾರಾದರೂ ತಡವರಿಸಿದರೆ ನಗಬೇಡಿ, ಕಾಯಿರಿ. ಅವರಿಗೆ ನೀವೇ ಆರೋನ.

ಪ್ರಾರ್ಥಿಸೋಣ: ತಂದೆಯೇ, ಇದ್ದ ಹಾಗೆಯೇ ಬಂದಿದ್ದೇವೆ. ನಡೆಸು, ಬಳಸು. ಯೇಸುವಿನ ನಾಮದಲ್ಲಿ, ಆಮೆನ್.